ಜಿಂಕೆಯ ನೆತ್ತರು, ಹಿಟ್ಟಿನ ಹುಂಜ

ಇನ್ನೊಂದು ಜೀವಿಯ ನೆತ್ತರಿಲ್ಲದೆ ಬದುಕಲಾರದ ಜೀವಿಯೊಂದಿದ್ದರೆ, ಅದರ ದಾಹವೇ ಪಾಪವೋ, ದಾಹ ತಣಿಸಿಕೊಳ್ಳಲು ಅದು ಮಾಡುವ ಕೊಲೆ ಮಾತ್ರ ಪಾಪವೋ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ಹದಿಹರೆಯದವರಿಗೆಂದು ಬರೆದ, 2005ರಲ್ಲಿ ಪ್ರಕಟವಾದ ‘ಟ್ವಿಲೈಟ್’ ಎಂಬ ಅಮೆರಿಕದ ಕಾದಂಬರಿ ಈ ಪ್ರಶ್ನೆಯನ್ನು ಪ್ರೇಮಕಥೆಯ ಉಡುಪಿನಲ್ಲಿ ಮತ್ತೆ ಎತ್ತಿತು. ಅದರ ಲೇಖಕಿ ಸ್ಟೆಫನಿ ಮೇಯರ್ ಮುಂದಿನ ಮೂರು ವರ್ಷಗಳಲ್ಲಿ ‘ನ್ಯೂ ಮೂನ್’, ‘ಎಕ್ಲಿಪ್ಸ್’, ‘ಬ್ರೇಕಿಂಗ್ ಡಾನ್’ ಎಂಬ ಮೂರು ಸಂಪುಟಗಳಲ್ಲಿ ಕಥೆಯನ್ನು ಮುಂದುವರಿಸಿದರು. 2008ರಿಂದ ಬಂದ ಚಲನಚಿತ್ರಗಳು ಅದನ್ನು ಜಗತ್ತಿನ ಮೂಲೆಮೂಲೆಗೂ, ಕನ್ನಡನಾಡಿನ ಹದಿಹರೆಯದವರ ಬಳಿಗೂ ತಲುಪಿಸಿದವು. ಇಂಥ ಕೃತಿಗಳನ್ನು ಎಳೆಯರ ಚಪಲವೆಂದು ತಳ್ಳಿಹಾಕುವುದು ಸುಲಭವಾದರೂ ಅದು ಸರಿಯಾದ ಓದಲ್ಲ. ಈ ಕಾದಂಬರಿ ಒಂದು ನಿಜವಾದ ಧಾರ್ಮಿಕ ಪ್ರಶ್ನೆಯ ಹೊಸ್ತಿಲವರೆಗೆ ಬಂದು ನಿಂತಿದೆ, ಅಲ್ಲಿಂದ ಒಳಗೆ ಕಾಲಿಡಲು ಹಿಂಜರಿದಿದೆ. ಆ ಹಿಂಜರಿಕೆ ಎಲ್ಲಿ, ಏಕೆ ಆಯಿತೆಂಬುದು ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಸುತ್ತ ಹುಟ್ಟಿದ ಕಾವ್ಯ ಮತ್ತು ಆಚರಣೆಗಳ ಬೆಳಕಿನಲ್ಲಿ ಓದಿದಾಗ ಹೆಚ್ಚು ಸ್ಪಷ್ಟವಾಗುತ್ತದೆ.

ವ್ಯಾಂಪೈರ್ ಎಂದರೆ ಸತ್ತಮೇಲೂ ದೇಹ ಕೊಳೆಯದೆ ಎದ್ದುಬಂದು ಬದುಕಿರುವವರ ರಕ್ತ ಹೀರುವ ಪ್ರೇತ. ಪೂರ್ವ ಯೂರೋಪಿನ ಹಳ್ಳಿಗಳಲ್ಲಿದ್ದ ಈ ನಂಬಿಕೆ 18ನೆಯ ಶತಮಾನದಲ್ಲಿ ಎಷ್ಟು ಬಲವಾಗಿತ್ತೆಂದರೆ, ಹೂತ ಹೆಣಗಳನ್ನು ತೆಗೆದು ಸುಡುವ ರೂಢಿಯನ್ನು ತಡೆಯಲು ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ 1755ರಲ್ಲಿ ಆಜ್ಞೆ ಹೊರಡಿಸಬೇಕಾಯಿತು. 1819ರಲ್ಲಿ ಜಾನ್ ಪೊಲಿಡೋರಿಯ ಕಥೆಯ ಮೂಲಕ, 1897ರಲ್ಲಿ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ದ ಮೂಲಕ ಆ ಪ್ರೇತ ಇಂಗ್ಲಿಷ್ ಸಾಹಿತ್ಯಕ್ಕೆ ಬಂದಾಗ ಅದು ಕೆಡುಕಿನ ಮೂರ್ತಿಯೇ ಆಗಿತ್ತು, ಶಿಲುಬೆ ಕಂಡರೆ ಹಿಂದೆ ಸರಿಯುವ, ಕೊಲ್ಲಲೇಬೇಕಾದ ಜೀವಿ ಅದು. ಮೇಯರ್ ತಂದ ಬದಲಾವಣೆಯ ತಿರುಳು ಇಲ್ಲಿದೆ. ಅವರ ಕಲೆನ್ ಕುಟುಂಬದ ವ್ಯಾಂಪೈರುಗಳು ಮನುಷ್ಯರ ರಕ್ತ ಕುಡಿಯುವುದಿಲ್ಲವೆಂದು ವ್ರತ ತೊಟ್ಟಿದ್ದಾರೆ; ಕಾಡುಪ್ರಾಣಿಗಳನ್ನು ಬೇಟೆಯಾಡಿ ಆ ರಕ್ತದಿಂದ ಬದುಕುತ್ತಾರೆ, ತಮ್ಮನ್ನು ತಾವು ‘ಸಸ್ಯಾಹಾರಿಗಳು’ ಎಂದು ಹಾಸ್ಯಕ್ಕೆ ಕರೆದುಕೊಳ್ಳುತ್ತಾರೆ. ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಎಂಬ ಪುಟ್ಟ ಊರು ಅವರ ನೆಲೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ, ಮೋಡ ಮುಚ್ಚಿದ, ಪಾಚಿ ಹಿಡಿದ ಮರಗಳ ಆ ಊರಿನ ವರ್ಣನೆ ಹಾನುಬಾಳು, ಹೆತ್ತೂರು, ಬಿಸಿಲೆಯ ಕಡೆಯ ಓದುಗರಿಗೆ ಪರಕೀಯವೆನಿಸಲಾರದು.

ಈ ವ್ರತದ ಮೂಲಪುರುಷ ಕುಟುಂಬದ ಹಿರಿಯ, ವೈದ್ಯ ಕಾರ್ಲೈಲ್. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ವ್ಯಾಂಪೈರುಗಳನ್ನು ಹುಡುಕಿ ಕೊಲ್ಲಿಸುತ್ತಿದ್ದ ಪಾದ್ರಿಯೊಬ್ಬರ ಮಗನಾದ ಅವನು, ಬೇಟೆಯ ರಾತ್ರಿ ತಾನೇ ಕಚ್ಚಿಸಿಕೊಂಡು ಅದೇ ಕುಲಕ್ಕೆ ಸೇರುತ್ತಾನೆ. ತನ್ನ ಹೊಸ ದೇಹವನ್ನು ಹೇಸಿ ಸಾಯಲು ಯತ್ನಿಸುತ್ತಾನೆ, ಸಾವು ಬಾರದೆ ಹೋದಾಗ ಮನುಷ್ಯರಿಂದ ದೂರ ಸರಿದು ಉಪವಾಸ ಬೀಳುತ್ತಾನೆ. ತಿಂಗಳುಗಳ ಹಸಿವಿನ ಕೊನೆಗೆ ಜಿಂಕೆಗಳ ಹಿಂಡೊಂದು ಹತ್ತಿರ ಹಾದಾಗ ತಡೆಯಲಾರದೆ ಮೇಲೆ ಬೀಳುತ್ತಾನೆ. ಶಕ್ತಿ ಮರಳುತ್ತದೆ; ರಾಕ್ಷಸನಾಗದೆಯೂ ಬದುಕಬಹುದೆಂಬ ಅರಿವು ಅವನಲ್ಲಿ ಮೂಡುತ್ತದೆ. ಇಡೀ ಕಥಾಸರಣಿಯ ಧರ್ಮ ಹುಟ್ಟುವುದು ಈ ಗಳಿಗೆಯಲ್ಲಿ. ಮಿಕ್ಕದ್ದೆಲ್ಲ, ಎಂದರೆ ಅವನು 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸಾಯುತ್ತಿದ್ದ ಎಡ್ವರ್ಡ್ ಎಂಬ ಹುಡುಗನನ್ನು ತನ್ನಂತೆಯೇ ಮಾಡಿಕೊಂಡದ್ದು, ಆ ಎಡ್ವರ್ಡ್ ಸುಮಾರು ಒಂದು ಶತಮಾನದ ಬಳಿಕ ಬೆಲ್ಲಾ ಎಂಬ ಮನುಷ್ಯ ಹುಡುಗಿಯನ್ನು ಪ್ರೀತಿಸಿದ್ದು, ಅವಳ ರಕ್ತದ ವಾಸನೆ ಬೇರೆ ಯಾರದಕ್ಕಿಂತಲೂ ತೀವ್ರವಾಗಿ ಅವನನ್ನು ಸೆಳೆದದ್ದು, ಇವೆಲ್ಲ ಆ ಗಳಿಗೆಯಿಂದ ಹೊರಟ ಕವಲುಗಳು. ಹಾಗಿದ್ದೂ ಆ ಜಿಂಕೆಗಳ ಬಗ್ಗೆ ಕಾದಂಬರಿ ಒಂದು ಕ್ಷಣವೂ ನಿಂತು ಯೋಚಿಸುವುದಿಲ್ಲ.

ಜಿಂಕೆಯ ಬಗ್ಗೆ ನಿಂತು ಯೋಚಿಸಿದ ಪರಂಪರೆಯೊಂದು ಸಕಲೇಶಪುರದ ಗುಡ್ಡಗಳ ಸುತ್ತಲೇ ಬೆಳೆದಿದೆ. ಉತ್ತರಕ್ಕೆ, ಮೂಡಿಗೆರೆ ತಾಲ್ಲೂಕಿನ ಅಂಗಡಿ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಪಕ್ಕದ ಬೇಲೂರು ತಾಲ್ಲೂಕಿನ ಹಳೇಬೀಡು ಅವರ ರಾಜಧಾನಿ. ಜಿಲ್ಲೆಯ ಪೂರ್ವದಂಚಿಗೆ ಶ್ರವಣಬೆಳಗೊಳ. ಸುದತ್ತನೆಂಬ ಜೈನಮುನಿ ಎರಗಿ ಬಂದ ಹುಲಿಯನ್ನು ಹೊಡೆಯಲು ಹೇಳಿದನೆಂದೂ ಸಳನೆಂಬ ವೀರ ಅದನ್ನು ಕೊಂದನೆಂದೂ ಹೇಳುವ ಕಥೆ ಹೊಯ್ಸಳ ವಂಶದ ಹುಟ್ಟಿನ ಐತಿಹ್ಯ; ಆ ಕಾಳಗದ ಶಿಲ್ಪವೇ ಅವರ ಲಾಂಛನವಾಯಿತು. ಚಾರಿತ್ರಿಕವಾಗಿ ಅದು ಎಷ್ಟು ನಿಜವೆಂಬ ಚರ್ಚೆ ಬೇರೆ. ಅಹಿಂಸೆಯನ್ನು ಪರಮಧರ್ಮವೆಂದ ಮುನಿಯ ಬಾಯಿಂದಲೇ ಕೊಲ್ಲುವ ಆಜ್ಞೆ ಹೊರಟಿತೆಂದು ಒಂದು ರಾಜವಂಶ ಕಲ್ಲಿನಲ್ಲಿ ಕೆತ್ತಿಸಿಕೊಂಡಿತು ಎಂಬುದರಲ್ಲೇ, ಕ್ರೂರಪ್ರಾಣಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಆ ನಾಡಿಗೆ ಎಷ್ಟು ಇಕ್ಕಟ್ಟಿನದಾಗಿತ್ತೆಂಬುದು ಕಾಣುತ್ತದೆ.

ಇಕ್ಕಟ್ಟು ಇಂದಿಗೂ ಕಳೆದಿಲ್ಲ. ಆಲೂರು, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಕಾಡಾನೆಗಳ ಭಯ ದಿನನಿತ್ಯದ ಸಂಗತಿ. ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ ಎಂಬ ಆನೆ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಒಂಟಿ ಸಲಗದ ದಾಳಿಗೆ ಬಲಿಯಾದಾಗ ಇಡೀ ರಾಜ್ಯ ಮರುಗಿತು. ಅಪಾಯಕಾರಿ ಜೀವಿಯನ್ನು ದೂರ ಇಡಬೇಕು, ಸಾಗಿಸಬೇಕು, ಸೆರೆಹಿಡಿಯಬೇಕು ಎಂಬ ಬೇಡಿಕೆ ಒಂದು, ಆ ಜೀವಿ ಪಾಪಿಯೆಂಬ ತೀರ್ಪು ಇನ್ನೊಂದು. ಮೊದಲನೆಯದನ್ನು ಜೋರಾಗಿ ಹೇಳುವವರೂ ಎರಡನೆಯದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ವ್ಯಾಂಪೈರ್ ಕಥೆಗಳಲ್ಲಿ ಇವೆರಡೂ ಬೆರೆತುಹೋಗಿದ್ದವು. ಅವನ್ನು ಬಿಡಿಸಿ ನೋಡಲು ಯತ್ನಿಸಿದ್ದು ಮೇಯರ್ ಅವರ ಹೆಗ್ಗಳಿಕೆ.

ದಾಹ ಮತ್ತು ಕೃತ್ಯಗಳ ನಡುವಿನ ಗೆರೆಯನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸಿದ ಕನ್ನಡ ಕೃತಿ ಜನ್ನನ ‘ಯಶೋಧರ ಚರಿತೆ’. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಜನ್ನ ಅದನ್ನು 1209ರಲ್ಲಿ ಬರೆದ. ಕಾವ್ಯ ತೆರೆದುಕೊಳ್ಳುವುದೇ ರಕ್ತದಾಹಿಯಾದ ದೇವತೆಯ ಮುಂದೆ. ಚಂಡಮಾರಿಯ ಜಾತ್ರೆಗೆ ಮಾರಿದತ್ತ ರಾಜ ನರಬಲಿ ಕೊಡಲು ಹೊರಟಿದ್ದಾನೆ. ಬಲಿಗೆಂದು ಹಿಡಿದು ತಂದವರು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು. ಕತ್ತಿಯ ಎದುರು ನಿಂತೂ ಅಂಜದ ಹುಡುಗನನ್ನು ಕಂಡು ಅಚ್ಚರಿಗೊಂಡ ರಾಜ ಕಾರಣ ಕೇಳಿದಾಗ ಅಭಯರುಚಿ ತಮ್ಮ ಭವಾವಳಿಯನ್ನು, ಅಂದರೆ ದಾಟಿಬಂದ ಜನ್ಮಗಳ ಸಾಲನ್ನು, ಹೇಳತೊಡಗುತ್ತಾನೆ. ಹದಿಹರೆಯದವರಿಗೆ ಗಂಭೀರ ಧರ್ಮಪ್ರಶ್ನೆಗಳು ಭಾರವಾಗುತ್ತವೆಂದು ನಂಬುವ ಪ್ರಕಾಶಕರು ಗಮನಿಸಬೇಕಾದ ಸಂಗತಿಯೆಂದರೆ, ಕನ್ನಡದಲ್ಲಿ ಹಿಂಸೆಯನ್ನು ಕುರಿತ ಅತಿ ಸೂಕ್ಷ್ಮವಾದ ವಿಚಾರವನ್ನು ಜನ್ನ ಒಬ್ಬ ಎಳೆಯನ ಬಾಯಲ್ಲೇ ಇರಿಸಿದ್ದಾನೆ.

ಹಿಂದಿನ ಜನ್ಮದಲ್ಲಿ ಅವನು ಉಜ್ಜಯಿನಿಯ ರಾಜ ಯಶೋಧರ. ಅವನ ರಾಣಿ ಅಮೃತಮತಿ ಇರುಳಲ್ಲಿ ಕೇಳಿಬಂದ ಹಾಡಿಗೆ ಮರುಳಾಗಿ, ಹಾಡಿದ ಕುರೂಪಿ ಮಾವುತ ಅಷ್ಟಾವಂಕನಲ್ಲಿ ಅನುರಕ್ತಳಾಗುತ್ತಾಳೆ. ಅದನ್ನು ಕಣ್ಣಾರೆ ಕಂಡ ಯಶೋಧರ ಕತ್ತಿ ಎತ್ತಿಯೂ ತನ್ನನ್ನು ತಡೆದುಕೊಂಡು ಮರಳುತ್ತಾನೆ. ಮಗನ ಕೆಟ್ಟ ಕನಸಿನ ಮಾತು ಕೇಳಿದ ತಾಯಿ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಡೆಂದು ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಒಪ್ಪದ ಮಗನೂ ಪಟ್ಟು ಬಿಡದ ತಾಯಿಯೂ ಒಂದು ನಡುದಾರಿಗೆ ಬರುತ್ತಾರೆ, ಹಿಟ್ಟಿನಿಂದ ಮಾಡಿದ ಹುಂಜವನ್ನು ಕಡಿಯುವುದೆಂದು. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗುತ್ತದೆ. ಆ ಒಂದು ಏಟಿಗೆ ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಆಡು, ಕೋಳಿಗಳಾಗಿ ಜನ್ಮಜನ್ಮಾಂತರ ಕೊಲ್ಲುತ್ತ, ಕೊಲ್ಲಿಸಿಕೊಳ್ಳುತ್ತ ತೊಳಲಬೇಕಾಗುತ್ತದೆ. ಜೈನರು ಇದನ್ನು ಸಂಕಲ್ಪಹಿಂಸೆ ಎನ್ನುತ್ತಾರೆ: ಯಾವ ಜೀವವೂ ಹೋಗದಿದ್ದರೂ ಕೊಲ್ಲುವ ನಿಶ್ಚಯದಿಂದ ಕೈ ಎತ್ತಿದಾಗಲೇ ಹಿಂಸೆ ನಡೆದುಹೋಯಿತು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಮತ್ತೆ ಕೈಗೆತ್ತಿಕೊಂಡದ್ದು ಇದೇ ಗಂಟನ್ನು.

ಕಾರ್ಲೈಲನ ಜಿಂಕೆ ಎಂಬುದು ಈ ಹಿಟ್ಟಿನ ಹುಂಜವೇ. ಎರಡೂ ಕಡೆ ನಿಜವಾದ ಬಲಿಯ ಜಾಗದಲ್ಲಿ ಬದಲಿಯೊಂದನ್ನು ಇರಿಸಲಾಗಿದೆ; ಎರಡೂ ಕಡೆ ಬದಲಿಯನ್ನು ಆರಿಸಿದವರು ಸಜ್ಜನರು, ಕೊಲ್ಲಬಾರದೆಂದು ಪ್ರಾಮಾಣಿಕವಾಗಿ ಬಯಸಿದವರು. ಆದರೆ ಜನ್ನ ಹಿಟ್ಟಿನಿಂದಲೂ ಕೂಗು ಹೊರಡಿಸಿದರೆ, ಮೇಯರ್ ರಕ್ತಮಾಂಸವಿರುವ, ನೋವು ಬಲ್ಲ ಜಿಂಕೆಯಿಂದಲೂ ಒಂದು ಸದ್ದು ಕೇಳಿಸುವುದಿಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ನಡುವೆ ದಾಟಲಾಗದ ಗೆರೆಯಿದೆ, ಮನುಷ್ಯ ಮಾತ್ರ ದೇವರ ಪ್ರತಿರೂಪ ಎಂಬ ಬೈಬಲಿನ ನಂಬಿಕೆ ಅವರ ಕಥಾಲೋಕದ ನೆಲಗಟ್ಟು ಎನ್ನಬಹುದು. ಮೊದಲ ಸಂಪುಟದ ಆರಂಭದಲ್ಲಿ ಆದಿಕಾಂಡದ ವಾಕ್ಯವೊಂದೂ ಇದೆ. ಆದರೂ ಅದೇ ಆದಿಕಾಂಡದ ಒಂಬತ್ತನೆಯ ಅಧ್ಯಾಯ, ಜಲಪ್ರಳಯದ ಬಳಿಕ ನೋಹನಿಗೆ ಮಾಂಸ ತಿನ್ನಲು ಅನುಮತಿ ಕೊಡುವಾಗಲೂ, ಪ್ರಾಣವಿರುವ ರಕ್ತವನ್ನು ಮಾತ್ರ ಸೇವಿಸಬಾರದೆಂದು ತಡೆಯುತ್ತದೆ. ಪಾದ್ರಿಯ ಮಗನಾದ ಕಾರ್ಲೈಲನಿಗೆ ಇದು ತಿಳಿಯದ ಸಂಗತಿಯಲ್ಲ. ಅವನ ಮನಸ್ಸಿನಲ್ಲಿ ಈ ನಿಷೇಧವೊಂದು ಮುಳ್ಳಾಗಿ ಚುಚ್ಚಿದ್ದರೂ ಸಾಕಿತ್ತು, ಕಾದಂಬರಿಯ ನೈತಿಕ ಆಳ ಎರಡು ಪಟ್ಟಾಗುತ್ತಿತ್ತು. ಜೈನದೃಷ್ಟಿಯಿಂದ ನೋಡುವ ಮೊದಲೇ, ತನ್ನದೇ ಪರಂಪರೆಯ ದೃಷ್ಟಿಯಿಂದಲೂ ಕಾದಂಬರಿ ಕೇಳಿಕೊಳ್ಳಬೇಕಾದ್ದನ್ನು ಕೇಳಿಕೊಂಡಿಲ್ಲ.

ಇಷ್ಟು ಹೇಳಿದಮೇಲೆ ಜನ್ನನ ತೀರ್ಪನ್ನು ಇಡಿಯಾಗಿ ಒಪ್ಪಬೇಕೇ ಎಂದೂ ಕೇಳಬೇಕು. ಮಲೆನಾಡಿನ ಅನೇಕ ತೋಟಗಳ ಅಂಚಿನಲ್ಲಿ, ಮರದ ಬುಡದ ಕಲ್ಲಿನಲ್ಲಿ ನೆಲೆಸಿದ ಚೌಡಿಗೆ ವರ್ಷಕ್ಕೊಮ್ಮೆ ಕೋಳಿ ಕೊಡುವ ಪದ್ಧತಿಯಿದೆ. ಅದೇ ತೋಟಗಳಲ್ಲಿ ಆಯುಧಪೂಜೆಯ ದಿನ ಜೀಪು, ಟ್ರ್ಯಾಕ್ಟರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು ಇವುಗಳ ಮುಂದೆ ಬೂದುಗುಂಬಳಕಾಯಿಗೆ ಕುಂಕುಮ ತುಂಬಿ ಒಡೆಯುವ ಪದ್ಧತಿಯೂ ಇದೆ. ಒಡೆದ ಕಾಯಿಂದ ಚೆಲ್ಲುವ ಕೆಂಪು ಯಾವುದರ ಬದಲಿ ಎಂಬುದನ್ನು ಯಾರಿಗೂ ವಿವರಿಸಬೇಕಿಲ್ಲ. ಜನ್ನನ ಮಾತನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಕುಂಬಳಕಾಯಿ ಒಡೆದವನೂ ಕೋಳಿ ಕೊಯ್ದವನೂ ಸಮಾನ ದೋಷಿಗಳಾಗಬೇಕು. ಅದು ನ್ಯಾಯವೆನಿಸುವುದಿಲ್ಲ. ಒಂದು ಸಮುದಾಯ ರಕ್ತದಿಂದ ಕುಂಕುಮಕ್ಕೆ ಬಂದದ್ದು ಸಣ್ಣ ಪಯಣವಲ್ಲ. ದೇವಾಲಯದ ಆವರಣದಲ್ಲಿ ಪ್ರಾಣಿಬಲಿಯನ್ನು ನಿಷೇಧಿಸಿದ 1959ರ ರಾಜ್ಯದ ಕಾಯ್ದೆ ಬರುವುದಕ್ಕೂ ಬಹಳ ಹಿಂದೆಯೇ ಇಂಥ ಬದಲಿಗಳು ಎಷ್ಟೋ ಜೀವಗಳನ್ನು ಉಳಿಸಿವೆ. ಜನ್ನ ಮುಂದಿಟ್ಟದ್ದು ಸಮಾಜದ ಲೆಕ್ಕವಲ್ಲ, ಒಬ್ಬ ವ್ಯಕ್ತಿಯ ಅಂತರಂಗದ ಲೆಕ್ಕ. ಯಶೋಧರ ರಾತ್ರಿ ಹೆಂಡತಿಯ ಮೇಲೆ ಇಳಿಸದೆ ಬಿಟ್ಟ ಕತ್ತಿಯೇ ಬೆಳಿಗ್ಗೆ ಹಿಟ್ಟಿನ ಮೇಲೆ ಇಳಿಯಿತು. ಒಳಗಿನ ಕ್ರೋಧ ಕರಗಿರಲಿಲ್ಲ, ದಿಕ್ಕು ಬದಲಿಸಿತ್ತು. ಹೀಗೆ ಓದಿದರೆ ಬದಲಿ ತನ್ನಷ್ಟಕ್ಕೆ ತಪ್ಪಲ್ಲ, ಬದಲಿಯನ್ನು ಬಿಡುಗಡೆಯೆಂದು ಭ್ರಮಿಸುವುದು ತಪ್ಪು. ಮೇಯರ್ ಅವರ ಕಾದಂಬರಿಯ ಮೇಲಿನ ಆಕ್ಷೇಪವೂ ಇಷ್ಟೇ: ಜಿಂಕೆಯ ರಕ್ತ ಕುಡಿದದ್ದಕ್ಕಾಗಿ ಕಾರ್ಲೈಲನನ್ನು ಖಂಡಿಸಬೇಕಿಲ್ಲ, ಆದರೆ ಅಲ್ಲಿಗೇ ಪ್ರಶ್ನೆ ಮುಗಿಯಿತೆಂದು ಕೃತಿ ಭಾವಿಸಬಾರದಿತ್ತು.

ಕಾದಂಬರಿಯ ಅತ್ಯುತ್ತಮ ಒಳನೋಟಕ್ಕೆ ಇಲ್ಲಿ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಎಡ್ವರ್ಡನ ಪ್ರೀತಿ ಹೆಚ್ಚಿದಷ್ಟೂ ದಾಹ ಹೆಚ್ಚುತ್ತದೆ. ಬೆಲ್ಲಾಳ ಹತ್ತಿರ ಬಂದಷ್ಟೂ ಅವಳನ್ನು ಕೊಲ್ಲುವ ಸಾಧ್ಯತೆಯೂ ಹತ್ತಿರ ಬರುತ್ತದೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ವ್ಯಾಖ್ಯಾನಿಸುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನೂ, ಎಂದರೆ ಕಷಾಯಗಳಿಗೆ ವಶವಾದ ಎಚ್ಚರಗೇಡಿತನವನ್ನೂ, ಹೇಳುತ್ತದೆ. ಕಷಾಯಗಳೆಂದರೆ ಆತ್ಮಕ್ಕೆ ಅಂಟುವ ಕ್ರೋಧ, ಮಾನ, ಮಾಯೆ, ಲೋಭಗಳು. ದ್ವೇಷದಂತೆ ರಾಗವೂ, ಪ್ರೀತಿಯ ಅಂಟೂ, ಹಿಂಸೆಯ ಬೇರೆಂದು ಆ ದರ್ಶನ ಬಗೆಯುತ್ತದೆ. ಅಮೃತಮತಿಯ ರಾಗ ಗಂಡನಿಗೂ ಅತ್ತೆಗೂ ವಿಷವಿಕ್ಕುವಲ್ಲಿ ಮುಗಿದದ್ದನ್ನು ಜನ್ನ ತೋರಿಸಿದ್ದು ಇದಕ್ಕಾಗಿಯೇ. ಪ್ರೇಮವನ್ನೂ ಕೊಲೆಯನ್ನೂ ಒಂದೇ ದೇಹದ ಒಂದೇ ಸೆಳೆತವಾಗಿ ಕಾಣಿಸುವ ಧೈರ್ಯ ಎಳೆಯರಿಗಾಗಿ ಬರೆದ ಪ್ರೇಮಕಥೆಗಳಲ್ಲಿ ಅಪರೂಪ. ‘ಟ್ವಿಲೈಟ್’ನ ಮೊದಲ ಸಂಪುಟದಲ್ಲಿ ಅದಿದೆ. ನಾಲ್ಕನೆಯ ಸಂಪುಟಕ್ಕೆ ಬರುವಾಗ ಮಾತ್ರ ಅದು ಸಡಿಲವಾಗುತ್ತದೆ. ಹೊಸದಾಗಿ ವ್ಯಾಂಪೈರ್ ಆದವರು ವರ್ಷಗಟ್ಟಲೆ ದಾಹದ ಉನ್ಮಾದದಲ್ಲಿರುತ್ತಾರೆಂದು ಅದುವರೆಗೆ ಹೇಳಿದ ಲೇಖಕಿ, ಬೆಲ್ಲಾ ಆ ಸ್ಥಿತಿಗೆ ಬಂದಾಗ ಅವಳಿಗೆ ಆ ಕಷ್ಟವನ್ನೇ ತಪ್ಪಿಸಿಬಿಡುತ್ತಾರೆ. ಸಂಯಮ ಸಾಧನೆಯಿಂದ ಬರಬೇಕಾದದ್ದು ವರವಾಗಿ ಬಂದುಬಿಡುತ್ತದೆ.

ಮನುಷ್ಯನನ್ನು ತಿನ್ನುವ ಕುಲದವರು ಮನುಷ್ಯನನ್ನು ಪ್ರೀತಿಸಿದ ಕಥೆ ಈ ಗುಡ್ಡಗಳಿಗೆ ಹೊಸದಲ್ಲ. ಸಕಲೇಶಪುರ ತಾಲ್ಲೂಕಿನ ಬೆಟ್ಟದ ಭೈರವೇಶ್ವರ ದೇವಾಲಯದ ಬಳಿ ಪಾಂಡವರ ಗುಡ್ಡವಿದೆ. ವನವಾಸದ ಕಾಲದಲ್ಲಿ ಪಾಂಡವರು ಅಲ್ಲಿ ತಂಗಿದ್ದರೆಂಬುದು ಸ್ಥಳೀಯರ ನಂಬಿಕೆ. ಆ ಪಾಂಡವರನ್ನು ಕೊಂದು ತರಲು ಅಣ್ಣನಿಂದ ಕಳುಹಿಸಲ್ಪಟ್ಟ ಹಿಡಿಂಬೆ, ಭೀಮನನ್ನು ಕಂಡು ಮನಸೋತು ಬಂದ ಕೆಲಸವನ್ನೇ ಬಿಟ್ಟವಳು. ಕುಂತಿ, ಧರ್ಮರಾಯರು ಅವಳನ್ನು ಒಪ್ಪುತ್ತಾರೆ, ಆದರೆ ಹಗಲು ಮಾತ್ರ ಭೀಮನನ್ನು ಕರೆದೊಯ್ಯಬೇಕೆಂಬ ಕಟ್ಟಳೆಯೊಡನೆ. ರಾತ್ರಿಯ ರಾಕ್ಷಸಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಅವಳ ಮಗ ಘಟೋತ್ಕಚ ಪಾಂಡವರಿಗಾಗಿ ಪ್ರಾಣ ಕೊಡುತ್ತಾನೆ. ವ್ಯಾಸಭಾರತದ ದ್ರೋಣಪರ್ವದಲ್ಲಿ ಆಗ ಕೃಷ್ಣ ಹಿಗ್ಗುತ್ತಾನೆ, ಇವನು ಯಜ್ಞದ್ವೇಷಿಯಾದ ರಾಕ್ಷಸನಾದ್ದರಿಂದ ಕರ್ಣ ಕೊಲ್ಲದಿದ್ದರೆ ತಾನೇ ಕೊಲ್ಲಬೇಕಾಗುತ್ತಿತ್ತೆಂದು ಹೇಳುತ್ತಾನೆ. ಹುಟ್ಟಿನ ಕಾರಣಕ್ಕೆ ಬಂದ ತೀರ್ಪು ಎಷ್ಟು ಸೇವೆ ಮಾಡಿದರೂ ಅಳಿಯದೆಂಬ ಈ ಕಹಿಯನ್ನು ಎದುರಿಸುವುದು ಇಂದಿಗೂ ಓದುಗರಿಗೆ ಕಷ್ಟ. ಮೇಯರ್ ಅವರ ಕೊನೆಯ ಸಂಪುಟದಲ್ಲಿ ಎರಡು ಕುಲಗಳಿಗೆ ಹುಟ್ಟಿದ ರೆನೆಸ್ಮೆ ಎಂಬ ಮಗುವನ್ನು ಕೊಲ್ಲಲು ವ್ಯಾಂಪೈರುಗಳ ಅಧಿಪತಿಗಳು ಬಂದು, ವಿಚಾರಣೆ ನಡೆಸಿ, ಮಗುವಿನಿಂದ ಅಪಾಯವಿಲ್ಲವೆಂದು ಹಿಂದಿರುಗುತ್ತಾರೆ. ಘಟೋತ್ಕಚನಿಗೆ ಸಿಗದ ವಿಚಾರಣೆ ಈ ಮಗುವಿಗೆ ಸಿಕ್ಕಿತೆಂಬುದು ಸಣ್ಣ ಸಮಾಧಾನವಲ್ಲ.

ಇನ್ನು ಆತ್ಮದ ಪ್ರಶ್ನೆ. ತನ್ನ ಕುಲದವರಿಗೆ ಆತ್ಮವೇ ಇಲ್ಲವಾಗಿದೆ ಎಂದು ಎಡ್ವರ್ಡ್ ನಂಬುತ್ತಾನೆ; ಬೆಲ್ಲಾಳನ್ನು ತನ್ನಂತೆ ಮಾಡಿದರೆ ಅವಳ ಆತ್ಮವನ್ನು ಕಸಿದಂತಾಗುತ್ತದೆಂದು ‘ನ್ಯೂ ಮೂನ್’ನಲ್ಲಿ ಹಿಂಜರಿಯುತ್ತಾನೆ. ಕಾರ್ಲೈಲನಿಗೆ ಮಾತ್ರ ತಮ್ಮಂಥವರಿಗೂ ಗತಿಯಿದ್ದೀತೆಂಬ ಆಸೆಯಿದೆ. ಜೈನದರ್ಶನಕ್ಕೆ ಇಲ್ಲಿ ಅನುಮಾನವೇ ಇಲ್ಲ. ಜೀವವನ್ನು ಯಾರೂ ಯಾರಿಂದಲೂ ಕಸಿಯಲಾಗದು. ದೇವ, ಮನುಷ್ಯ, ತಿರ್ಯಂಚ ಅಂದರೆ ಪ್ರಾಣಿ, ನಾರಕಿ ಎಂಬ ನಾಲ್ಕು ಗತಿಗಳಲ್ಲಿ ಎಲ್ಲಿದ್ದರೂ ಜೀವ ಜೀವವೇ. ಇದಕ್ಕೆ ಆ ಪರಂಪರೆ ಕೊಡುವ ದೊಡ್ಡ ನಿದರ್ಶನ ಮಹಾವೀರನ ಹಿಂದಿನ ಜನ್ಮವೊಂದರ ಕಥೆ. ಒಂಬತ್ತನೆಯ ಶತಮಾನದ ಗುಣಭದ್ರಾಚಾರ್ಯರ ‘ಉತ್ತರಪುರಾಣ’ ಅದನ್ನು ಹೇಳುತ್ತದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ 978ರಲ್ಲಿ ಕನ್ನಡ ಗದ್ಯದಲ್ಲಿ ಬರೆದ ಪುರಾಣವೂ ಅದೇ ಪರಂಪರೆಗೆ ಸೇರಿದ್ದು. ಆ ಜನ್ಮದಲ್ಲಿ ಮಹಾವೀರ ಒಂದು ಸಿಂಹ. ಕೊಂದ ಜಿಂಕೆಯನ್ನು ತಿನ್ನುತ್ತಿದ್ದಾಗ ಇಬ್ಬರು ಚಾರಣಮುನಿಗಳು, ಅಂದರೆ ತಪೋಬಲದಿಂದ ಆಕಾಶದಲ್ಲಿ ಸಂಚರಿಸಬಲ್ಲವರು, ಇಳಿದುಬಂದು ಅವನಿಗೆ ಅವನ ಹಿಂದಿನ ಜನ್ಮಗಳನ್ನು ನೆನಪಿಸುತ್ತಾರೆ. ಸಿಂಹ ಕಣ್ಣೀರಿಡುತ್ತದೆ, ವ್ರತ ತೊಡುತ್ತದೆ. ಮಾಂಸದ ಹೊರತು ಬೇರೆ ಆಹಾರವಿಲ್ಲದ ದೇಹಕ್ಕೆ ಆ ವ್ರತವೆಂದರೆ ಉಪವಾಸ, ಉಪವಾಸವೆಂದರೆ ಮರಣ. ಅದನ್ನು ಒಪ್ಪಿ ಸಿಂಹ ದೇಹ ಬಿಡುತ್ತದೆ.

ಕಾರ್ಲೈಲನ ಧರ್ಮ ಆರಂಭವಾದದ್ದೂ ಜಿಂಕೆಯ ಬಳಿ, ಈ ಸಿಂಹದ ಧರ್ಮ ಆರಂಭವಾದದ್ದೂ ಜಿಂಕೆಯ ಬಳಿ. ಒಬ್ಬ ಉಪವಾಸ ಬಿಟ್ಟು ಜಿಂಕೆಯ ಬಳಿಗೆ ಬಂದ; ಇನ್ನೊಬ್ಬ ಜಿಂಕೆಯನ್ನು ಬಿಟ್ಟು ಉಪವಾಸಕ್ಕೆ ಹೋದ. ಸಿಂಹದ ದಾರಿ ಅತಿ ಕಠೋರವೆಂಬುದು ನಿಜ, ಹದಿಹರೆಯದ ಓದುಗರಿಗೆ ಅದನ್ನು ಆದರ್ಶವೆಂದು ಕೊಡುವುದು ಯಾವ ವಿವೇಕಿಗೂ ಒಪ್ಪಿಗೆಯಾಗದು. ಆದರೆ ಆ ಕಥೆ ದಾಹವನ್ನು ಪಾಪವೆನ್ನುವುದಿಲ್ಲ. ದಾಹ ಸಿಂಹದ ದೇಹಕ್ಕೆ ಬಂದ ಕರ್ಮಫಲ. ಅದಕ್ಕೆ ಒಪ್ಪಿಗೆ ಕೊಡುವುದೂ ಕೊಡದಿರುವುದೂ ಸಿಂಹದ ಕೈಯಲ್ಲಿದೆ. ಪ್ರಾಣಿಗೂ ಈ ಸ್ವಾತಂತ್ರ್ಯವಿದೆಯೆಂದು ಒಪ್ಪಿದ ಕ್ಷಣವೇ ತಿನ್ನಲ್ಪಟ್ಟ ಜಿಂಕೆಯೂ ನಾಳೆ ವ್ರತ ತೊಡಬಹುದಾದ, ಮುಂದೊಮ್ಮೆ ಜಿನನಾಗಬಹುದಾದ ಜೀವವಾಗಿಬಿಡುತ್ತದೆ. ಅದನ್ನು ಬರಿಯ ಬದಲಿ ಆಹಾರವೆಂದು ಎಣಿಸಲು ಆಮೇಲೆ ಸಾಧ್ಯವಾಗುವುದಿಲ್ಲ.

ಕಾದಂಬರಿಯ ಕೊನೆಯನ್ನು ಅಳೆಯಲು ಇದೇ ದರ್ಶನ ಇನ್ನೊಂದು ಅಳತೆಗೋಲನ್ನು ಕೊಡುತ್ತದೆ. ಬೆಲ್ಲಾ ಮುಪ್ಪಿಲ್ಲದ, ಸಾವಿಲ್ಲದ, ಬಿಸಿಲಿಗೆ ವಜ್ರದಂತೆ ಹೊಳೆಯುವ ದೇಹವನ್ನು ಪಡೆದು ಗಂಡ, ಮಗಳೊಡನೆ ಎಂದೆಂದಿಗೂ ಬಾಳುತ್ತಾಳೆ. ಮೇಯರ್ ಸೇರಿದ ಮಾರ್ಮನ್ ಪಂಥದಲ್ಲಿ ದೇಹಸಹಿತವಾದ ಪುನರುತ್ಥಾನವೂ ಸಾವಿನಾಚೆಗೂ ಉಳಿಯುವ ಕುಟುಂಬವೂ ಪರಮ ಭರವಸೆಗಳು. ಆ ಶ್ರದ್ಧೆಯಿಂದ ನೋಡಿದರೆ ಇದು ಅರ್ಥಪೂರ್ಣವಾದ ಮಂಗಳ, ಅದನ್ನು ಅಗ್ಗದ ಸುಖಾಂತವೆಂದು ಹಳಿಯುವುದು ಅನ್ಯಾಯ. ಜೈನರ ದೇವಗತಿಯಲ್ಲೂ ಹೀಗೆಯೇ ಮುಪ್ಪಿಲ್ಲದ ಹೊಳೆವ ದೇಹಗಳಿವೆ, ಎಣಿಸಲಾಗದಷ್ಟು ದೀರ್ಘವಾದ ಆಯುಸ್ಸಿದೆ. ಆದರೆ ಆತ್ಮದ ಏರಿಕೆಯನ್ನು ಹದಿನಾಲ್ಕು ಗುಣಸ್ಥಾನಗಳೆಂಬ ಮೆಟ್ಟಿಲುಗಳಾಗಿ ಎಣಿಸುವ ಆ ದರ್ಶನದ ಪ್ರಕಾರ ದೇವತೆಗಳು ನಾಲ್ಕನೆಯದನ್ನು ದಾಟಲಾರರು. ಸುಖದಲ್ಲಿ ಮುಳುಗಿದ ಆ ದೇಹಗಳಿಗೆ ವ್ರತ ತೊಡುವ ಶಕ್ತಿಯಿಲ್ಲ. ತಿರ್ಯಂಚರಿಗೆ ಐದನೆಯ ಮೆಟ್ಟಿಲು, ಭಾಗಶಃ ವ್ರತದ ಮೆಟ್ಟಿಲು, ತೆರೆದಿದೆ. ಪೂರ್ಣ ತ್ಯಾಗ ಸಾಧ್ಯವಿರುವುದು ಮುಪ್ಪೂ ಸಾವೂ ಇರುವ ಮನುಷ್ಯದೇಹಕ್ಕೆ ಮಾತ್ರ. ಈ ಲೆಕ್ಕದಲ್ಲಿ ಎಡ್ವರ್ಡನ ಹೆದರಿಕೆಯಲ್ಲಿ ಅವನೇ ಅರಿಯದ ಒಂದು ಸತ್ಯಾಂಶವಿದೆ: ಬೆಲ್ಲಾ ಕಳೆದುಕೊಂಡದ್ದು ಆತ್ಮವನ್ನಲ್ಲ, ಮನುಷ್ಯಳಾಗಿದ್ದಾಗ ಅವಳಿಗಿದ್ದ ಬಿಟ್ಟುಕೊಡುವ ಸಾಮರ್ಥ್ಯವನ್ನು.